ಇಟ್ಟಿಗೆ, ಬ್ಲಾಕ್, ಸೈಜುಗಲ್ಲು: ಒಂದೊಂದಕ್ಕೂ ಒಂದೊಂದು ಕ್ರಮ

ಕೋಲಾರ ಜಿಲ್ಲೆಯಲ್ಲಿ ಮನೆ ಕಟ್ಟಲು ಹೊರಟವರು ಗೋಡೆಯ ಸಾಮಗ್ರಿಗಾಗಿ ದೂರ ಹೋಗಬೇಕಾಗಿಲ್ಲ. ಮಾಲೂರಿನ ಕಡೆಯ ಇಟ್ಟಿಗೆ, ಊರಿನ ಆಸುಪಾಸಿನಲ್ಲೇ ತಯಾರಾಗುವ ಸಿಮೆಂಟ್ ಬ್ಲಾಕ್, ಗ್ರಾನೈಟ್ ಬಂಡೆಯಿಂದ ಒಡೆದ ಸೈಜುಗಲ್ಲು ಮೂರೂ ಸಿಗುತ್ತವೆ. ಪಾಯಕ್ಕೆ ಕಲ್ಲು, ಗೋಡೆಗೆ ಇಟ್ಟಿಗೆ, ಕಾಂಪೌಂಡಿಗೆ ಬ್ಲಾಕ್ ಎಂದು ಒಂದೇ ನಿವೇಶನದಲ್ಲಿ ಮೂರನ್ನೂ ಬಳಸುವವರಿದ್ದಾರೆ. ಗಾರೆಯೂ ಅದೇ, ಕೆಲಸದವರೂ ಅವರೇ ಆದ್ದರಿಂದ ಮೂರನ್ನೂ ಒಂದೇ ರೀತಿ ಕಟ್ಟಿಬಿಡುವುದುಂಟು. ಆದರೆ ಇವು ನೀರು ಹೀರುವ ಬಗೆ ಬೇರೆ ಬೇರೆ. ಆ ವ್ಯತ್ಯಾಸವನ್ನು ಕಡೆಗಣಿಸಿದ ಗೋಡೆ ಹೆಚ್ಚು ಕಾಲ ಬಾಳುವುದಿಲ್ಲ.

ಮೊದಲು ಪಾಯದ ಮೇಲೆ ಗೋಡೆಯ ಗುರುತು ಹಾಕಿ. ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದಾಗ ಆ ಎರಡು ತುದಿಗಳ ನಡುವಿನ ಅಂತರ ಸರಿಯಾಗಿ 5 ಅಡಿ ಬಂದರೆ ಮೂಲೆ ಮಟ್ಟವಾಗಿದೆ, ಅಂದರೆ ಲಂಬಕೋನದಲ್ಲಿದೆ ಎಂದರ್ಥ. ಮನೆಯ ಗೋಡೆಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. ಎರಡನ್ನೂ ಒಂದೇ ಬಾಂಡಲಿಯಲ್ಲಿ ಅಳೆಯಬೇಕು, ಒಣದಾಗಿಯೇ ಬಣ್ಣ ಒಂದಾಗುವವರೆಗೆ ಕಲಸಿ ಆಮೇಲೆ ನೀರು ಹಾಕಬೇಕು. ಕಲಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಬಳಸಿ ಮುಗಿಸಿ. ಬಿಗಿಯಾದ ಗಾರೆಗೆ ಮತ್ತೆ ನೀರು ಹಾಕಿ ಸಡಿಲಿಸಿದರೆ ಅದರ ಬಲ ಕುಗ್ಗುತ್ತದೆ.

ಇಟ್ಟಿಗೆ ಬಹಳ ನೀರು ಹೀರುತ್ತದೆ. ಒಣ ಇಟ್ಟಿಗೆಯನ್ನು ಹಾಗೆಯೇ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಎಳೆದುಕೊಂಡು, ಗಟ್ಟಿಯಾಗಬೇಕಾದ ಗಾರೆ ಪುಡಿಯಾಗಿ ಉಳಿಯುತ್ತದೆ. ಆದ್ದರಿಂದ ಕಟ್ಟುವ ಮುನ್ನ ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಹೊರತೆಗೆದು, ಮೇಲಿನ ನೀರು ಸೋರಿದ ಬಳಿಕ ಬಳಸಿ. ಲೋಡಿನ ಮೇಲೆ ಪೈಪಿನಿಂದ ನೀರು ಬಿಟ್ಟರೆ ಹೊರಗಿನ ಸಾಲುಗಳಷ್ಟೇ ನೆನೆಯುತ್ತವೆ. ಕೊಳ್ಳುವಾಗಲೇ ಪರೀಕ್ಷಿಸುವುದಾದರೆ, 3 ಕಿಲೋ ತೂಗುವ ಒಣ ಇಟ್ಟಿಗೆಯನ್ನು 24 ಗಂಟೆ ನೆನೆಸಿದಾಗ ತೂಕ 3.6 ಕಿಲೋ ದಾಟಬಾರದು. ಗುಣಿಯಿರುವ ಮುಖ ಮೇಲಿರಲಿ, ಗಾರೆಯ ದಪ್ಪ 10 ಮಿಲಿಮೀಟರ್ ಇರಲಿ, ಕೆಳಸಾಲಿನ ಸಂದಿನ ಮೇಲೆ ಮೇಲ್ಸಾಲಿನ ಸಂದು ಬಾರದಿರಲಿ.

ಬ್ಲಾಕಿಗೆ ಈ ನಿಯಮ ತಿರುಗುಮುರುಗು. ನೆನೆದು ಹಿಗ್ಗಿದ ಬ್ಲಾಕು ಗೋಡೆಯಲ್ಲಿ ಕುಳಿತ ಮೇಲೆ ಒಣಗಿ ಕುಗ್ಗುವುದರಿಂದ ಸಂದಿನುದ್ದಕ್ಕೂ ಮೆಟ್ಟಿಲಿನಾಕಾರದ ಬಿರುಕು ಕಾಣಿಸಿಕೊಳ್ಳುತ್ತದೆ. ತಯಾರಾಗಿ ಕನಿಷ್ಠ 28 ದಿನ ಕಳೆದ, ಚೆನ್ನಾಗಿ ಒಣಗಿದ ಬ್ಲಾಕನ್ನೇ ಕೇಳಿ ತರಿಸಿ; ಬಿಸಿಲು ಹೆಚ್ಚಿದ್ದರೆ ಗಾರೆ ತಾಗುವ ಮುಖವನ್ನಷ್ಟೇ ತುಸು ಒದ್ದೆ ಮಾಡಿದರೆ ಸಾಕು.

ಕಲ್ಲಿನ ವಿಷಯ ಬೇರೆಯೇ. ಗ್ರಾನೈಟ್ ನೀರು ಹೀರುವುದೇ ಇಲ್ಲವೆನ್ನಬಹುದು, ಆದ್ದರಿಂದ ಇಟ್ಟಿಗೆಯನ್ನು ಹಿಡಿದಂತೆ ಗಾರೆ ಅದನ್ನು ಹಿಡಿಯುವುದಿಲ್ಲ. ಕಲ್ಲಿನ ಗೋಡೆಗೆ ಬಲ ಬರುವುದು ಕಲ್ಲಿನ ಮೇಲೆ ಕಲ್ಲು ಕುಳಿತ ರೀತಿಯಿಂದ. ನಂದಿಯ ಭೋಗನಂದೀಶ್ವರ ದೇವಾಲಯದಂಥ ಹಳೆಯ ಕಟ್ಟಡಗಳನ್ನು ಹತ್ತಿರದಿಂದ ನೋಡಿದರೆ ಇದು ತಾನೇ ತಿಳಿಯುತ್ತದೆ. ಕಲ್ಲಿನ ಧೂಳನ್ನು ತೊಳೆದು, ಗಾರೆಯನ್ನು ಇಟ್ಟಿಗೆಯ ಗಾರೆಗಿಂತ ಗಟ್ಟಿಯಾಗಿ ಕಲಸಿ, ಅಗಲವಾದ ಮುಖ ಕೆಳಗೆ ಬರುವಂತೆ ಕಲ್ಲನ್ನು ಕೂರಿಸಿ. ಹೊರಗೆ ದೊಡ್ಡದಾಗಿ ಕಾಣಲೆಂದು ಕಲ್ಲಿನ ಉದ್ದವನ್ನು ಮುಖಕ್ಕೆ ತಿರುಗಿಸುವುದು ತಪ್ಪು. ಉದ್ದ ಗೋಡೆಯೊಳಕ್ಕೆ ಹೋಗಬೇಕು.

ಒಂದೂವರೆ ಅಡಿ ದಪ್ಪದ ಗೋಡೆಯೆಂದರೆ ಹೊರಮುಖಕ್ಕೊಂದು, ಒಳಮುಖಕ್ಕೊಂದು ಸಾಲು. ಇವೆರಡನ್ನೂ ಬೆಸೆಯುವ, ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದನೆಯ ಕಲ್ಲು ಪ್ರತಿ ಅರ್ಧ ಚದರ ಮೀಟರಿಗೆ, ಅಂದರೆ ಸುಮಾರು 5 ಚದರ ಅಡಿಗೆ, ಒಂದಾದರೂ ಇರಲೇಬೇಕು. ಅಷ್ಟುದ್ದದ ಕಲ್ಲು ಸಿಗದಿದ್ದರೆ ಎರಡು ಕಲ್ಲುಗಳನ್ನು ಒಂದರ ಪಕ್ಕಕ್ಕೊಂದು ಕನಿಷ್ಠ 6 ಇಂಚು ಹಾಯ್ದಿರುವಂತೆ ಜೋಡಿಸಿ. ನಡುವಿನ ಪೊಳ್ಳನ್ನು ಮೊದಲು ಗಾರೆಯಿಂದ ತುಂಬಿ, ಆ ಗಾರೆಯೊಳಕ್ಕೆ ಚಕ್ಕೆಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಸುತ್ತಲೂ ಗಾರೆ ಉಕ್ಕುವವರೆಗೆ ಇಳಿಸಬೇಕು. ಒಣ ಚಕ್ಕೆಗಳನ್ನು ಸುರಿದು ಮೇಲೆ ಗಾರೆ ಬಳಿದ ಗೋಡೆಯಲ್ಲಿ ಕಬ್ಬಿಣದ ಸರಳು ಚುಚ್ಚಿದರೆ ಸಲೀಸಾಗಿ ಒಳಗಿಳಿಯುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಗೋಡೆ ಹೊಟ್ಟೆ ಬಿಡುತ್ತದೆ. ಕಲ್ಲಿನ ಲೆಕ್ಕಕ್ಕೆ ಕೂಲಿ ಒಪ್ಪಿಕೊಂಡಾಗ ಈ ಒಳತುಂಬುವ ಕೆಲಸಕ್ಕೆ ಯಾರೂ ಕಾಸು ಕೊಟ್ಟಂತಾಗುವುದಿಲ್ಲ, ಹಾಗಾಗಿ ಅದನ್ನು ಮಾತಿನಲ್ಲೇ ಸೇರಿಸಿ ಬೇರೆಯಾಗಿ ಕೂಲಿ ಗೊತ್ತುಮಾಡುವುದು ನ್ಯಾಯ.

ಯಾವ ಗೋಡೆಯನ್ನೂ ಒಂದು ದಿನದಲ್ಲಿ 1 ಮೀಟರಿಗಿಂತ ಎತ್ತರ ಏರಿಸಬೇಡಿ. ನೀರು ಹೀರದ ಕಲ್ಲಿನಲ್ಲಿ ಗಾರೆ ಬಿಗಿಯಾಗಲು ಹೆಚ್ಚು ಹೊತ್ತು ಬೇಕಾದ್ದರಿಂದ ಅಲ್ಲಿ ಇನ್ನೂ ಕಡಿಮೆ ಇರಲಿ. ಪ್ರತಿ ಸಾಲಿಗೂ ದಾರ ಕಟ್ಟಿ, ತೂಕದ ಗುಂಡು ಬಿಟ್ಟು ನೋಡಿ. ಕಟ್ಟಿದ ಮಾರನೆಯ ದಿನದಿಂದ ಕನಿಷ್ಠ 7 ದಿನ ಇಟ್ಟಿಗೆ ಮತ್ತು ಕಲ್ಲಿನ ಗೋಡೆಯ ಸಂದುಗಳು ತೇವವಾಗಿರಬೇಕು. ಬ್ಲಾಕಿನ ಗೋಡೆಗೆ ಸಂದುಗಳ ಮೇಲೆ ಹಗುರವಾಗಿ ಚಿಮುಕಿಸಿದರೆ ಸಾಕು, ತೋಯಿಸಬೇಡಿ. ಬೋರ್‌ವೆಲ್ ನೀರನ್ನು ಅಳೆದು ಬಳಸಬೇಕಾದ ನಮ್ಮ ಬಯಲುಸೀಮೆಯಲ್ಲಿ ದಿನಕ್ಕೆ ನಾಲ್ಕು ಸಲ ಪೈಪು ಹಿಡಿಯುವುದಕ್ಕಿಂತ ಗೋಣಿಚೀಲ ಹೊದಿಸಿ ಬೆಳಿಗ್ಗೆ, ಸಂಜೆ ತೋಯಿಸುವುದು ಮೇಲು. ಬೇಸಿಗೆಯ ಗಾಳಿಗೆ ಬರಿಗೋಡೆ ಗಂಟೆಯೊಳಗೆ ಒಣಗಿದರೂ ಚೀಲದ ತೇವ ಮಧ್ಯಾಹ್ನದವರೆಗೂ ಉಳಿದಿರುತ್ತದೆ.