ಹೆರಿಗೆಯಲ್ಲಿ ಮಗುವಿಗೆ ಪೆಟ್ಟಾದರೆ ಮೊದಲು ಕೇಸ್ ಶೀಟ್ ಕೇಳಿ

ನಾನು ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ರಿಟೈರ್ ಆದ ಮೇಲೂ ಜನ ಕೇಸ್ ಶೀಟ್ ಹಿಡ್ಕೊಂಡು ಮನೆಗೆ ಬರುತ್ತಾರೆ. ಮಗು ಹುಟ್ಟಿದ ಕೂಡಲೇ ಅಳಲಿಲ್ಲ, ಫಿಟ್ಸ್ ಬಂತು, ಒಂದು ಕೈ ಎತ್ತುತ್ತಿಲ್ಲ ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಗಲಾಟೆ ಬೇಡ. ತಾಯಿ, ಮಗು ಇಬ್ಬರ ಪೂರ್ತಿ ದಾಖಲೆಯ ಜೆರಾಕ್ಸ್ ಬೇಕೆಂದು ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಬರೀ ಡಿಸ್ಚಾರ್ಜ್ ಸಮ್ಮರಿ ಕೊಟ್ಟರೆ ಒಪ್ಪಬೇಡಿ. ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗಿತು ಅಂತ ಗುರುತು ಹಾಕುವ ಚಾರ್ಟ್), ಸಿಟಿಜಿ ಪಟ್ಟಿ (ಮಗುವಿನ ಎದೆಬಡಿತ, ತಾಯಿಯ ನೋವು ಎರಡನ್ನೂ ಮಿಷನ್ ಬರೆದ ಕಾಗದ), ನರ್ಸ್ ನೋಟ್ಸ್, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹಾಳೆ ಎಲ್ಲವೂ ಬೇಕು. ತಾಯಿ ಕಾರ್ಡಿನ ಅಸಲನ್ನು ಯಾರಿಗೂ ಕೊಡಬೇಡಿ.

ಪಾರ್ಟೋಗ್ರಾಫನ್ನು ನಿಧಾನಕ್ಕೆ ನೋಡಿ. ನೋವು ಜೋರಾದ ಮೇಲೆ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ನೋಡಿ ಅದರಲ್ಲಿ ಚುಕ್ಕಿ ಇಡಬೇಕು. 110ರಿಂದ 160 ಇದ್ದರೆ ಸರಿ. ಬಡಿತ ಇಳಿದದ್ದು ಎಷ್ಟು ಹೊತ್ತಿಗೆ? ಡಾಕ್ಟರಿಗೆ ಫೋನ್ ಹೋದದ್ದು ಯಾವಾಗ? ಸಿಸೇರಿಯನ್ ಶುರುವಾದದ್ದು ಯಾವಾಗ? ಎಷ್ಟೋ ಕೇಸುಗಳ ಜೀವಾಳ ಈ ಹೊತ್ತಿನ ಲೆಕ್ಕವೇ. ರಾತ್ರಿ ಡ್ಯೂಟಿ ಬದಲಾಗಿದ್ದರೂ ಚುಕ್ಕಿಗಳೆಲ್ಲ ಒಂದೇ ಪೆನ್ನಿನವು, ಒಂದೇ ಕೈಬರಹ ಅಂದ್ರೆ ವಕೀಲರಿಗೆ ತೋರಿಸಲೇಬೇಕು.

ಆದರೆ ಮಗುವಿಗೆ ತೊಂದರೆಯಾದ ಮಾತ್ರಕ್ಕೆ ಡಾಕ್ಟರದ್ದೇ ತಪ್ಪು ಅಂತಲ್ಲ. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡಾಗ, ಎಲ್ಲ ಸರಿಯಾಗಿ ಮಾಡಿದರೂ ಕೈಯ ನರಕ್ಕೆ ಪೆಟ್ಟಾಗಬಹುದು. ಕೇಳೋಕೆ ಕಷ್ಟ, ನನಗೂ ಗೊತ್ತು. ಅದಕ್ಕೇ ಬೇರೆ ಊರಿನ ಹೆರಿಗೆ ತಜ್ಞರಿಂದ ಅಭಿಪ್ರಾಯ ಬರೆಸಿಕೊಳ್ಳಿ. ತಪ್ಪು ನಡೆದಿದೆ, ಅದರಿಂದಲೇ ಹೀಗಾಯಿತು, ಎರಡನ್ನೂ ತೋರಿಸಬೇಕಾದವರು ನೀವೇ.

ಪರಿಹಾರಕ್ಕೆ 2 ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ನೀವಿರುವ ಜಿಲ್ಲೆಯ ಆಯೋಗವೇ ಸಾಕು. ಆ ಹಣ 5 ಲಕ್ಷ ದಾಟದಿದ್ದರೆ ಫೀಸೂ ಇಲ್ಲ. ಮಗುವಿನ ಜೊತೆ ಅಪ್ಪ ಅಮ್ಮನಿಗೂ ಪರಿಹಾರ ಕೇಳುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಈ ದಾರಿ ಇಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ಡಾಕ್ಟರ ನೋಂದಣಿಯ ಮೇಲೆ ಕ್ರಮ ಬೇಕಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ.

ಕೇಸ್ ಮುಗಿಯಲಿ ಅಂತ ಫಿಸಿಯೋಥೆರಪಿ ಮಾತ್ರ ಮುಂದೂಡಬೇಡಿ. ಒಂದೊಂದು ಬಿಲ್ಲೂ, ಬಸ್ ಟಿಕೆಟ್ಟೂ ಎತ್ತಿಡಿ.