ಎರಡು ಮೇಲ್ ಸರ್ವರ್, ಒಂದೇ ಗುರುತಿನ ಪಟ್ಟಿ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಕಾಲೇಜಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಶುಲ್ಕ ಕಟ್ಟುವ ಕೊನೇ ವಾರ ಬಂತೆಂದರೆ ಪಾವಗಡ, ಶಿರಾ, ಮಧುಗಿರಿ ಕಡೆಯಿಂದೆಲ್ಲ ಪೋಷಕರು ಚಲನ್ ಫೋಟೊ ತೆಗೆದು ಮೇಲ್ ಮಾಡುತ್ತಾರೆ. ಆಗ ಇದ್ದದ್ದು ಒಂದೇ ಸರ್ವರ್. ಸ್ಪ್ಯಾಮ್ ಮತ್ತು ವೈರಸ್ ತಪಾಸಣೆಯಲ್ಲೇ ಅದಕ್ಕೆ ಸುಸ್ತು. ಮೇಲ್ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್‌ನಲ್ಲಿ ಕಾಯುವ ಮೇಲ್‌ಗಳ ಕ್ಯೂ ಕರಗುತ್ತಲೇ ಇರಲಿಲ್ಲ.

ಇನ್ನೊಂದು ಸರ್ವರ್ ಹಾಕಿದೆ. ನಮ್ಮ ಮೇಲ್ ಯಾವ ಸರ್ವರ್‌ಗೆ ಕಳಿಸಬೇಕು ಅಂತ ಹೊರಗಿನವರಿಗೆ ಹೇಳುವ ಎಂಎಕ್ಸ್ ದಾಖಲೆಯಲ್ಲಿ ಹಳೆಯದಕ್ಕೆ 10, ಹೊಸದಕ್ಕೆ 20 ಕೊಟ್ಟಿದ್ದೆ. ಚಿಕ್ಕ ಸಂಖ್ಯೆಗೇ ಮೊದಲ ಮಣೆ ಅಲ್ವಾ, ಹೊಸದು ಸುಮ್ನೆ ಕೂತಿತ್ತು. ಅಲ್ಲಿಗೆ ಬಂದದ್ದು ಬಹುಪಾಲು ಸ್ಪ್ಯಾಮ್. ಹಿತ್ತಿಲ ಬಾಗಿಲಲ್ಲಿ ಕಾವಲು ಕಡಿಮೆ ಅಂತ ಸ್ಪ್ಯಾಮ್ ಕಳಿಸುವವರಿಗೆ ಗೊತ್ತು. ಎರಡಕ್ಕೂ 10 ಮಾಡಿದೆ. ಸಂಖ್ಯೆ ಸಮ ಇದ್ದರೆ ಕಳಿಸುವ ಸರ್ವರ್ ಯಾವುದೋ ಒಂದನ್ನು ಆರಿಸಿಕೊಳ್ಳಬೇಕು ಅನ್ನುವುದು ಮೇಲ್ ಸಾಗಿಸುವ ಪದ್ಧತಿಯಾದ ಎಸ್‌ಎಂಟಿಪಿಯ ನಿಯಮ. ಒಂದು ಸಿಗದಿದ್ದರೆ ಇನ್ನೊಂದಕ್ಕೆ ಹೋಗುತ್ತದೆ. ಹೊರೆ ಹೆಚ್ಚುಕಡಿಮೆ ಅರ್ಧರ್ಧ ಆಯಿತು. ಅಂಚೆಪೆಟ್ಟಿಗೆಗಳನ್ನು ಮಾತ್ರ ಒಡೆಯಲಿಲ್ಲ. ಎರಡೂ ಸರ್ವರ್ ತಪಾಸಣೆ ಮುಗಿಸಿ ಹಿಂದಿರುವ, ಮೇಲ್ ಇಟ್ಟುಕೊಂಡು ಓದಲು ಕೊಡುವ ಒಂದೇ ಡವ್‌ಕಾಟ್‌ಗೆ ತಲುಪಿಸುತ್ತವೆ. ನಮ್ಮಲ್ಲಿ ಭಾರ ಇದ್ದದ್ದು ತಪಾಸಣೆಯಲ್ಲಿ, ಓದುವುದರಲ್ಲಲ್ಲ.

ಎರಡನೇ ದಿನವೇ ಆಫೀಸಿನ ಮೇಡಂ ಬಂದರು. "ಸರ್, ಆಗಲೇ ಕಳಿಸಿದ್ದೀವಿ ಅಂತ ಫೋನಲ್ಲಿ ಹೇಳ್ತಾರೆ, ಇಲ್ಲಿ ಬಂದೇ ಇಲ್ಲ." ಎರಡೂ ಲಾಗ್ ಪಕ್ಕಪಕ್ಕ ತೆರೆದೆ. 10:42ಕ್ಕೆ ಮೊದಲ ಸರ್ವರ್ 450, ಅಂದರೆ 'ಈಗ ಬೇಡ, ಆಮೇಲೆ ಬಾ' ಅಂತ ಹೇಳಿ ಕಳಿಸಿದೆ. 10:58ಕ್ಕೆ ಅದೇ ಮೇಲ್ ಎರಡನೆಯದಕ್ಕೆ ಬಂದಿದೆ. ಅಲ್ಲೂ 450!

ತಪ್ಪು ಸ್ಪ್ಯಾಮ್ ತಡೆಯುವ ಉಪಾಯವಾದ ಗ್ರೇಲಿಸ್ಟಿಂಗ್‌ನದು. ಅದು ಕಳಿಸುವ ಐಪಿ, ಕಳಿಸಿದವರು, ಪಡೆಯುವವರು ಈ ಮೂರನ್ನೂ ಬರೆದಿಟ್ಟುಕೊಂಡು, ಹೊಸಬರಿಗೆ ಆಮೇಲೆ ಬಾ ಅನ್ನುತ್ತದೆ. ನಾನು ಎರಡು ಕಡೆಯೂ ಈ ಕೆಲಸ ಮಾಡುವ ಪೋಸ್ಟ್‌ಗ್ರೇ ತಂತ್ರಾಂಶವನ್ನು ಬೇರೆಬೇರೆಯಾಗಿ ಓಡಿಸುತ್ತಿದ್ದೆ. ಒಬ್ಬ ಕಾವಲುಗಾರ ಗುರುತು ಹಿಡಿದವರನ್ನು ಇನ್ನೊಬ್ಬ ಮತ್ತೆ ಗೇಟಿನಲ್ಲೇ ನಿಲ್ಲಿಸುತ್ತಿದ್ದ. ಪೋಸ್ಟ್‌ಗ್ರೇ ತಾನಾಗಿ ಕಾಯಿಸುವುದು 300 ಸೆಕೆಂಡ್ ಅಷ್ಟೇ. ಆದರೆ ಮತ್ತೆ ಯಾವಾಗ ಬರಬೇಕು ಅನ್ನುವುದು ಕಳಿಸುವವರ ಕೈಯಲ್ಲಿ. ಹಾಗಾಗಿ ತಡ ಜಾಸ್ತಿ ಆಗುತ್ತಿತ್ತು.

ಒಂದೇ ಪೋಸ್ಟ್‌ಗ್ರೇ ಉಳಿಸಿ, 10023 ಪೋರ್ಟ್‌ನಲ್ಲಿ ಎರಡೂ ಸರ್ವರ್ ಅದನ್ನೇ ಕೇಳುವಂತೆ ಮಾಡಿದೆ. ಇಲ್ಲಿ ಒಂದು ಎಚ್ಚರ ಬೇಕು. ಆ ಪೋಸ್ಟ್‌ಗ್ರೇ ನಿಂತರೆ ಎರಡೂ ಸರ್ವರ್ ಬರುವ ಮೇಲ್‌ಗೆಲ್ಲ 451 ಅನ್ನುತ್ತವೆ, ಅಂದರೆ ಮತ್ತೆ 'ಆಮೇಲೆ ಬಾ'. ಪೋಸ್ಟ್‌ಫಿಕ್ಸ್ 3.0ರಿಂದ ಇದಕ್ಕೊಂದು ಸೆಟ್ಟಿಂಗ್ ಇದೆ: ಪಾಲಿಸಿ ಸರ್ವೀಸ್ (ಇಲ್ಲಿ ಪೋಸ್ಟ್‌ಗ್ರೇ) ಉತ್ತರ ಕೊಡದಿದ್ದರೆ ಏನು ಮಾಡಬೇಕು ಅಂತ. ಅದಕ್ಕೆ 'ಡನ್ನೊ', ಅಂದರೆ 'ಗೊತ್ತಿಲ್ಲ, ಮುಂದಿನ ತಪಾಸಣೆಗೆ ಹೋಗು' ಅಂತ ಕೊಟ್ಟೆ. ಆಮೇಲೆ ಬೇಕಂತಲೇ ಪೋಸ್ಟ್‌ಗ್ರೇ ನಿಲ್ಲಿಸಿ, ನನ್ನ ಬೇರೆ ವಿಳಾಸದಿಂದ ಒಂದು ಮೇಲ್ ಕಳಿಸಿದೆ. ಸ್ವಲ್ಪ ತಡವಾಯಿತು, ಆದರೆ ಮೊದಲ ಸಲಕ್ಕೇ ಒಳಗೆ ಬಂತು.