ಹಳೇ ಕ್ವಾಡ್ ಸ್ಪೀಕರ್ ಕೊಂಡಿದ್ದು, ಅದಕ್ಕೆ ಆಂಪ್ ಹೊಂದಿಸಿದ್ದು

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್, ಅಂದರೆ ಕೋನ್ ಬದಲು ಚಾರ್ಜ್ ಏರಿಸಿದ ತೆಳು ಫಿಲ್ಮಿನಿಂದ ಸದ್ದು ಮಾಡುವ ಸ್ಪೀಕರ್, ಕೊಳ್ಳಲು ಹೊರಟವರು ಹೆಚ್ಚಾಗಿ ಎರಡು ಪ್ರಶ್ನೆ ಕೇಳುತ್ತಾರೆ. ನೋಡೋಕೆ ಹೇಗಿದೆ? ಎಷ್ಟು ವಾಟಿನ ಆಂಪ್ (ಆಂಪ್ಲಿಫೈಯರ್) ಬೇಕು? ನನ್ನ ಪ್ರಕಾರ ಎರಡೂ ಆಮೇಲಿನ ಮಾತು. ಸ್ಪೀಕರಿನಲ್ಲಿ ನೋಡಬೇಕಾದದ್ದು ಒಳಗಿನ ಅಂಟು. ಆಂಪಿನಲ್ಲಿ ನೋಡಬೇಕಾದದ್ದು ವೋಲ್ಟೇಜು. ನಾನು ಕ್ವಾಡ್ ಕಂಪನಿಯ ಇಎಸ್‌ಎಲ್-63 ಜೋಡಿ ಕೊಂಡು, ಅದಕ್ಕೆ ಆಂಪ್ ಹೊಂದಿಸಿಕೊಂಡಿದ್ದು ಈ ಎರಡನ್ನು ಹಿಡಿದುಕೊಂಡೇ.

ನಾವಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರ. ಅಲ್ಲಿಂದ ಸ್ವಲ್ಪ ದೂರದಲ್ಲಿ ಹಂಟಿಂಗ್‌ಡನ್ ಅನ್ನುವ ಊರಿದೆ. ಪೀಟರ್ ವಾಕರ್ ಅವರ ಕ್ವಾಡ್ ಕಾರ್ಖಾನೆ ಇದ್ದದ್ದು ಅಲ್ಲೇ. ಅವರ ಮೊದಲ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ 1957ರಲ್ಲಿ ಮಾರುಕಟ್ಟೆಗೆ ಬಂತು. ಈಗ ಎಲ್ಲರೂ ಅದನ್ನು '57' ಅಂತಲೇ ಕರೆಯುತ್ತಾರೆ. ಎರಡನೆಯದರ ಕೆಲಸ ಶುರುವಾದದ್ದು 1963ರಲ್ಲಿ, ಅದಕ್ಕೇ ಅದರ ಹೆಸರಿನಲ್ಲಿ '63'. ಅಂಗಡಿಗೆ ಬಂದದ್ದು ಮಾತ್ರ 1981ರಲ್ಲಿ! ಆಮೇಲೆ 90ರ ದಶಕದ ಕೊನೆವರೆಗೂ ಮಾಡುತ್ತಲೇ ಇದ್ದರು. ಹಾಗಾಗಿ ಇಲ್ಲಿನ ಮನೆಗಳಲ್ಲಿ ಇವು ಇನ್ನೂ ಸಾಕಷ್ಟಿವೆ. ಕೊಂಡವರಿಗೆ ಈಗ ವಯಸ್ಸಾಗಿದೆ, ಚಿಕ್ಕ ಮನೆಗೆ ಹೋಗುತ್ತಿದ್ದಾರೆ, ಇಡಲು ಜಾಗ ಇಲ್ಲ ಅಂತ ಮಾರುತ್ತಿದ್ದಾರೆ.

63 ಕೊಂಡೆ, 57 ಬೇಡ ಅಂದೆ. ಯಾಕೆ? ಗಾಯಕರ ದನಿಗೆ ಅದು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ತುಂಬಾ ನಾಜೂಕು. 33 ವೋಲ್ಟಿಗಿಂತ ಜಾಸ್ತಿ ಕೊಟ್ಟರೆ ಟ್ರೆಬಲ್ (ಮೇಲಿನ ಸ್ವರಗಳ) ಪ್ಯಾನೆಲ್ ಸುಟ್ಟುಕೊಳ್ಳುತ್ತದೆ. ಅದನ್ನು ಕಾಯಲು ಒಳಗೆ ಏನೂ ಇಲ್ಲ. ನಮ್ಮ ಮನೆಯಲ್ಲಿ ಹದಿಹರೆಯದ ಮಗ ಇದ್ದಾನೆ. ವಾಲ್ಯೂಮ್ ಗುಂಡಿ ಅವನ ಕೈಗೂ ಸಿಗುತ್ತದೆ. 63ರಲ್ಲಿ ರಕ್ಷಣೆಯ ಸರ್ಕ್ಯೂಟ್ ಇದೆ. ನನಗೆ ಅಷ್ಟು ಕಾರಣ ಸಾಕಾಯಿತು.

ಇದು ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿದ್ದರೆ ಹಳೆಯದನ್ನು ಪರೀಕ್ಷೆ ಮಾಡುವುದು ಸುಲಭ. ಮಾಮೂಲಿ ಸ್ಪೀಕರಿನ ಹಾಗೆ ಇದರಲ್ಲಿ ಕೋನ್ ಇಲ್ಲ, ಮ್ಯಾಗ್ನೆಟ್ ಇಲ್ಲ. ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಪ್ಲಾಸ್ಟಿಕ್ ಫಿಲ್ಮ್. ಅದಕ್ಕೆ ಮನೆಯ ಕರೆಂಟಿನಿಂದ ಪಡೆದ 5,000 ವೋಲ್ಟಿಗೂ ಮೀರಿದ ಚಾರ್ಜು. ಹಿಂದೊಂದು ಮುಂದೊಂದು ತೂತುಗಳಿರುವ ಹಲಗೆ, ಅವುಗಳಿಗೆ ಸ್ಟೇಟರ್ ಅನ್ನುತ್ತಾರೆ. ಆಂಪಿನಿಂದ ಬಂದ ಸಂಗೀತ ಟ್ರಾನ್ಸ್‌ಫಾರ್ಮರಿನಲ್ಲಿ ದೊಡ್ಡ ವೋಲ್ಟೇಜಾಗಿ ಈ ಸ್ಟೇಟರುಗಳಿಗೆ ಹೋಗುತ್ತದೆ. ನಡುವಿನ ಫಿಲ್ಮ್ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಒಂದೊಂದು ಸ್ಪೀಕರಿನಲ್ಲಿ ಇಂಥ ನಾಲ್ಕು ಪ್ಯಾನೆಲ್, ಒಂದರ ಮೇಲೊಂದು. ನಡುವಿನ ಎರಡರಲ್ಲಿ ಸ್ಟೇಟರನ್ನು ಉಂಗುರಗಳಾಗಿ ಭಾಗ ಮಾಡಿದ್ದಾರೆ. ಸಿಗ್ನಲ್ ಮೊದಲು ನಡುಮಧ್ಯಕ್ಕೆ ಹೋಗಿ, ಚೂರು ಚೂರೇ ತಡವಾಗಿ ಹೊರಗಿನ ಉಂಗುರಗಳಿಗೆ ತಲುಪುತ್ತದೆ. ಕೊಳಕ್ಕೆ ಕಲ್ಲು ಹಾಕಿದಾಗ ಅಲೆ ಹರಡುತ್ತದಲ್ಲ, ಹಾಗೆ. ಇದರಿಂದ ಶಬ್ದ ಪ್ಯಾನೆಲಿನ ಹಿಂದೆ ಸುಮಾರು 30 ಸೆಂಟಿಮೀಟರ್ ದೂರದ ಒಂದು ಬಿಂದುವಿನಿಂದ ಬಂದ ಹಾಗೆ ಕೇಳುತ್ತದೆ.

ಈಗ ಅಂಟಿನ ವಿಷಯ. ಸ್ಟೇಟರ್ ಹಲಗೆಯನ್ನು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಸಿರುತ್ತಾರೆ. ಮೂವತ್ತು ನಲವತ್ತು ವರ್ಷಕ್ಕೆ ಆ ಅಂಟು ಸೋಲುತ್ತದೆ. ಬಿಸಿಲು ಬೀಳುವ ಕಿಟಕಿ, ಪಕ್ಕದಲ್ಲೇ ಹೀಟರ್ ಇದ್ದರೆ ಇನ್ನೂ ಬೇಗ. ಅಂಟು ಬಿಟ್ಟರೆ ಹಲಗೆ ಒಂದು ಕಡೆ ಎದ್ದು ಫಿಲ್ಮಿನ ಹತ್ತಿರ ಬರುತ್ತದೆ. ಆಗ ಗಿರ್ರ್ ಅನ್ನುವ ಸದ್ದು, ಇಲ್ಲವೇ ಚಟ್ ಚಟ್ ಅಂತ ಕಿಡಿ ಹಾರುವ ಸದ್ದು. ಹೊರಗಿಂದ ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಮೇಲಿನ ಬಟ್ಟೆ ಹೊಸದಾಗಿ ಹೊದಿಸಿದ್ದರೆ ಫೋಟೋದಲ್ಲಿ ಥಳಥಳ ಅನ್ನುತ್ತದೆ. ಬಟ್ಟೆ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಪ್ಯಾನೆಲ್ ಬಿಚ್ಚಿ ಹೊಸ ಫಿಲ್ಮ್ ಹಾಕಿ ಕಟ್ಟುವುದು ಬೇರೆಯೇ ಮಾತು. ಅದಕ್ಕೆ ಆಗುವ ಖರ್ಚು ಕೆಲವೊಮ್ಮೆ ಸ್ಪೀಕರಿನ ಬೆಲೆಯನ್ನೇ ಮೀರುತ್ತದೆ.

ಹಾಗಾಗಿ ಮಾರುವವರಿಗೆ ಫೋನ್ ಮಾಡಿದಾಗಲೆಲ್ಲ ನಾನು ಒಂದೇ ಬೇಡಿಕೆ ಇಟ್ಟೆ: "ನಾನು ಬರುವ ದಿನ ಬೆಳಿಗ್ಗೆಯೇ ಸ್ಪೀಕರಿನ ಪ್ಲಗ್ ಹಾಕಿಡಿ." ಫಿಲ್ಮಿಗೆ ಪೂರ್ತಿ ಚಾರ್ಜ್ ಏರಲು ಹೊತ್ತು ಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸ್ಪೀಕರಿಗೆ ಇನ್ನೂ ಹೆಚ್ಚು. ಈಗಷ್ಟೇ ಪ್ಲಗ್ ಹಾಕಿದ್ದನ್ನು ಕೇಳಿದರೆ ಎರಡೂ ಸಪ್ಪೆಯಾಗಿರುತ್ತವೆ. ಯಾವುದು ಕೆಟ್ಟಿದೆ, ಯಾವುದು ಸುಮ್ನೆ ನಿದ್ದೆ ಮಾಡುತ್ತಿದೆ ಗೊತ್ತಾಗುವುದಿಲ್ಲ. ಒಬ್ಬರು ಈ ಬೇಡಿಕೆ ಕೇಳಿ ಸಿಡುಕಿದರು. "ಎಲ್ಲ ಸರ್ವಿಸ್ ಆಗಿದೆ, ಮತ್ತೇನು?" ಬಿಲ್ ತೋರಿಸಿ ಅಂದೆ. ಆಮೇಲೆ ಅವರು ಫೋನ್ ಎತ್ತಲಿಲ್ಲ. ಇಂಥ ಸ್ಪೀಕರಿನಲ್ಲಿ 'ಸರ್ವಿಸ್ ಆಗಿದೆ' ಅನ್ನುವ ಮಾತಿಗೆ ಬಿಲ್ ಇಲ್ಲದೆ ಬೆಲೆ ಇಲ್ಲ. ನಾಲ್ಕೂ ಪ್ಯಾನೆಲ್ ಕಟ್ಟಿದ್ದಾರಾ, ಬರೀ ಒಂದಾ, ಬರೀ ಹೈವೋಲ್ಟೇಜ್ ಬೋರ್ಡಾ, ಯಾವ ವರ್ಷ? ಇಷ್ಟು ಗೊತ್ತಾಗಬೇಕು.

ಕೊನೆಗೆ ನಾನು ಕೊಂಡ ಜೋಡಿ ಒಬ್ಬ ನಿವೃತ್ತ ಮೇಷ್ಟರದ್ದು. ಕಂದು ಬಟ್ಟೆ ಮಾಸಿತ್ತು, ಒಂದರ ಮೂಲೆಯನ್ನು ಬೆಕ್ಕು ಪರಚಿತ್ತು. ಆದರೆ ಪ್ಯಾನೆಲ್ ಕಟ್ಟಿಸಿದ ಬಿಲ್ಲುಗಳನ್ನು ಫೈಲ್ ಮಾಡಿ ಇಟ್ಟಿದ್ದರು. ಮೊದಲು ಸಂಗೀತ ಹಾಕದೆ ಗ್ರಿಲ್ಲಿಗೆ ಕಿವಿ ಹತ್ತಿರ ಹಿಡಿದು ಸುಮ್ಮನೆ ನಿಂತೆ. ಟ್ರಾನ್ಸ್‌ಫಾರ್ಮರಿನ ಸಣ್ಣ ಗುಂಯ್ ಇರಬಹುದು, ಅದು ಪರವಾಗಿಲ್ಲ. ಚಟ್ ಚಟ್ ಇರಬಾರದು. ಇರಲಿಲ್ಲ. ಆಮೇಲೆ ಮೋನೋ (ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗುವ) ರೆಕಾರ್ಡಿಂಗಿನಲ್ಲಿ ಒಬ್ಬರ ಮಾತು ಹಾಕಿದೆ. ದನಿ ಎರಡು ಸ್ಪೀಕರಿನ ಸರಿಯಾಗಿ ನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ, ಇನ್ನೊಂದು ಕಡೆಯ ಪ್ಯಾನೆಲ್ ದಣಿದಿದೆ ಅಂತ ಅರ್ಥ. ನಂತರ ಎಡ ಬಲದ ತಂತಿ ಅದಲು ಬದಲು ಮಾಡಿ ಇನ್ನೊಮ್ಮೆ. ಆಗ ತಪ್ಪು ಸ್ಪೀಕರಿನದ್ದೋ ಆಂಪಿನದ್ದೋ ತಿಳಿಯುತ್ತದೆ.

ನಮ್ಮ ಸಂಗೀತ ಕೇಳುವವರಿಗೆ ಒಂದು ಎಚ್ಚರಿಕೆ. ಪರೀಕ್ಷೆಗೆ ತಂಬೂರಿ ಜೋರಾಗಿರುವ ರೆಕಾರ್ಡಿಂಗ್ ಒಯ್ಯಬೇಡಿ. ಅದರ ತಂತಿಗಳ ಝೇಂಕಾರದಲ್ಲಿ ಸಡಿಲವಾದ ಪ್ಯಾನೆಲಿನ ಗಿರ್ರ್ ಮುಚ್ಚಿಹೋಗುತ್ತದೆ. ನಾನು ಒಯ್ದದ್ದು ಕೊಳಲು ಮತ್ತು ಮೃದಂಗ. ಕೊಳಲಿನ ಉದ್ದನೆಯ ಶುದ್ಧ ಸ್ವರದಲ್ಲಿ ಸಣ್ಣ ಒಡಕೂ ಎದ್ದು ಕಾಣುತ್ತದೆ. ಮೃದಂಗದ ತೊಪ್ಪಿಯ ಕಡೆ ಬಿದ್ದ ಪೆಟ್ಟು ಮೇಲಿನ ಮತ್ತು ಕೆಳಗಿನ ಬಾಸ್ ಪ್ಯಾನೆಲುಗಳನ್ನು ಅಲ್ಲಾಡಿಸಿಬಿಡುತ್ತದೆ. ಬಲಗಡೆ ಸ್ಪೀಕರಿನಲ್ಲಿ ಸಣ್ಣದೊಂದು ಗಿರಗಿರ ಬಂತು. ಬೆರಳಿನಿಂದ ಹೊರ ಗ್ರಿಲ್ಲನ್ನು ಮೆಲ್ಲಗೆ ಒತ್ತಿದೆ, ನಿಂತಿತು. ಅಂದರೆ ಪ್ಯಾನೆಲ್ ಅಲ್ಲ, ಗ್ರಿಲ್ಲಿನ ಸಡಿಲ. ಮೇಷ್ಟರು ನಕ್ಕು "ಅದಕ್ಕೆ ಸ್ಕ್ರೂ ಡ್ರೈವರ್ ಸಾಕು" ಅಂದರು. ಹಾಗಂತ ಪ್ಲಗ್ ಹಾಕಿರುವಾಗ ಗ್ರಿಲ್ ಬಿಚ್ಚಿ ನೋಡುವ ಧೈರ್ಯ ಯಾರೂ ಮಾಡಬಾರದು. ಪ್ಲಗ್ ತೆಗೆದ ಮೇಲೂ ಬಹಳ ಹೊತ್ತು ಒಳಗೆ ಚಾರ್ಜ್ ಉಳಿದಿರುತ್ತದೆ.

ಇನ್ನು ಆಂಪ್. ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮೂಲತಃ ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಭಾಗ. ಅದು ನುಂಗುವುದು ವೋಲ್ಟೇಜನ್ನು. 'ವಾಟ್' ಅಂತ ಬರೆದಿರುವುದು 8 ಓಮಿನ ರೆಸಿಸ್ಟರ್ ಕಟ್ಟಿ ಅಳೆದ ಲೆಕ್ಕ. 63ಕ್ಕೆ ಕ್ವಾಡ್ ಕೊಟ್ಟ ಮಿತಿ ಹೀಗಿದೆ: ಸಂಗೀತದ ಏರಿಳಿತದಲ್ಲಿ ಅಲೆಯ ತುದಿಗೆ 40 ವೋಲ್ಟ್ ಪೀಕ್‌ವರೆಗೆ ಸ್ವಚ್ಛ ಸದ್ದು, 55 ದಾಟಬಾರದು. ಈಗ ಲೆಕ್ಕ ಹಾಕಿ. 8 ಓಮಿಗೆ 100 ವಾಟ್ ಕೊಡುವ ಆಂಪಿನ ಪೀಕ್ ವೋಲ್ಟೇಜ್ ಸರಿಯಾಗಿ 40. ಅದೇ 200 ವಾಟಿನದ್ದಾದರೆ ಸುಮಾರು 57. ಅಂದರೆ 100ಕ್ಕಿಂತ ಮೇಲೆ ಕೊಟ್ಟ ದುಡ್ಡಿಗೆ ಸದ್ದು ಜಾಸ್ತಿ ಆಗುವುದಿಲ್ಲ, ಅಪಾಯ ಮಾತ್ರ ಜಾಸ್ತಿ ಆಗುತ್ತದೆ. ಮಿತಿ ಮೀರಿದಾಗ 63ರ ರಕ್ಷಣೆ ಸರ್ಕ್ಯೂಟ್ ಏನು ಮಾಡುತ್ತದೆ ಗೊತ್ತಾ? ತನ್ನ ಇನ್‌ಪುಟ್ಟನ್ನೇ ಶಾರ್ಟ್ ಮಾಡಿಬಿಡುತ್ತದೆ. ಸ್ಪೀಕರ್ ಉಳಿಯುತ್ತದೆ. ಆಂಪಿಗೆ ಶಾರ್ಟ್ ತಡೆಯುವ ಶಕ್ತಿ ಇಲ್ಲದಿದ್ದರೆ ಅದರ ಕಥೆ ಮುಗಿಯಿತು.

ಎರಡನೆಯ ವಿಷಯ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಸ್ವರ ಮೇಲೇರಿದಂತೆ ಕೆಪಾಸಿಟರಿನ ತಡೆ ಇಳಿಯುತ್ತದೆ. 57ರಲ್ಲಿ ಇದು ತೀರಾ ಕಷ್ಟ, ಮೇಲ್ತುದಿಯಲ್ಲಿ 2 ಓಮಿನ ಆಸುಪಾಸಿಗೆ ಬರುತ್ತದೆ. 63 ಅಷ್ಟು ಕಾಡುವುದಿಲ್ಲ. ಆದರೂ ಅಲ್ಲಿ ಕರೆಂಟ್ ಕೊಡಲು ಹಿಂಜರಿಯುವ ಆಂಪ್ ಕರ್ಕಶವಾಗುತ್ತದೆ. ಕೆಲವು ಆಂಪುಗಳು ಕೆಪಾಸಿಟರ್ ಕಂಡರೆ ಒಳಗೊಳಗೇ ಆಸಿಲೇಟ್ ಆಗಿ (ತಾವೇ ಕಂಪಿಸಿ) ಸುಮ್ಮನೆ ಬಿಸಿಯಾಗುತ್ತವೆ.

ಗೆಳೆಯರ ಹತ್ತಿರ ಇದ್ದ ಆಂಪುಗಳನ್ನು ಕಡ ತಂದು ಕೇಳಿದೆ. ವಾಲ್ವ್ (ಹಳೇ ಕಾಲದ ಗಾಜಿನ ಟ್ಯೂಬಿನ) ಆಂಪಿನಲ್ಲಿ ಗಂಗೂಬಾಯಿ ಹಾನಗಲ್ ಅವರ ದನಿ ಎದುರಿಗೇ ಕೂತು ಹಾಡಿದಷ್ಟು ಹತ್ತಿರ. ಆದರೆ ಮೇಲಿನ ಸ್ವರಗಳು ಮೆತ್ತಗಾದವು. ಅದಕ್ಕೆ ಕಾರಣ ಇದೆ. ವಾಲ್ವ್ ಆಂಪಿನ ಔಟ್‌ಪುಟ್ ಇಂಪಿಡೆನ್ಸ್ ಜಾಸ್ತಿ. ಸ್ಪೀಕರಿನ ತಡೆ ಇಳಿದ ಕಡೆ ವೋಲ್ಟೇಜಿನ ಒಂದು ಪಾಲು ಆಂಪಿನೊಳಗೇ ಉಳಿದುಬಿಡುತ್ತದೆ. ಅದು ಇಷ್ಟವಾಗುವವರೂ ಇದ್ದಾರೆ, ನಾನು ಜಗಳಕ್ಕೆ ಹೋಗುವುದಿಲ್ಲ. ಕ್ಲಾಸ್-ಡಿ (ಸ್ವಿಚ್ ಮಾಡುತ್ತಾ ಕೆಲಸ ಮಾಡುವ) ಆಂಪೊಂದರಲ್ಲಿ ಇದರ ಉಲ್ಟಾ, ಮೇಲೆ ಚೂರು ಚುರುಕು ಜಾಸ್ತಿ. ಅದರ ಔಟ್‌ಪುಟ್ ಫಿಲ್ಟರನ್ನು ಮಾಮೂಲಿ ಸ್ಪೀಕರಿಗೆಂದು ಲೆಕ್ಕ ಹಾಕಿರುತ್ತಾರೆ. ಫೀಡ್‌ಬ್ಯಾಕನ್ನು ಫಿಲ್ಟರ್ ದಾಟಿದ ಮೇಲೆ ತೆಗೆದುಕೊಳ್ಳುವ ಹೊಸ ವಿನ್ಯಾಸಗಳಲ್ಲಿ ಈ ತೊಂದರೆ ಕಾಣುವುದಿಲ್ಲ.

ನಾನು ಇಟ್ಟುಕೊಂಡದ್ದು ಕ್ವಾಡ್‌ನವರದ್ದೇ 405-2. ಒಂದೇ ಕಂಪನಿಯದ್ದು ಅನ್ನುವ ಮೋಹಕ್ಕಲ್ಲ. 100 ವಾಟ್, ಅಂದರೆ 40 ವೋಲ್ಟ್. ನೇರ ಲೆಕ್ಕ. 405 ಮೊದಲು ಬಂದದ್ದು 1975ರಲ್ಲಿ. ಅದು ಕಡಿಮೆ ಓಮಿನ ಲೋಡಿಗೆ ಕರೆಂಟ್ ಬಿಡುವುದರಲ್ಲಿ ಸ್ವಲ್ಪ ಜಿಪುಣ. 405-2ರಲ್ಲಿ ಅದನ್ನು ಸುಧಾರಿಸಿದರು. ಹಾಗಾಗಿ ಹೆಸರಿನ ಕೊನೆಗೆ '-2' ಇದೆಯಾ ನೋಡಿಯೇ ಕೊಳ್ಳಿ. ತಂದ ಮೇಲೆ ಮೊದಲ ಕೆಲಸ ಮಲ್ಟಿಮೀಟರ್ ಹಿಡಿದು ಸ್ಪೀಕರ್ ಸಾಕೆಟ್ಟಿನಲ್ಲಿ ಡಿಸಿ ಅಳೆಯುವುದು. ಕೆಲವೇ ಮಿಲಿವೋಲ್ಟ್ ಇರಬೇಕು. ಡಿಸಿ ಸೋರಿದರೆ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನ ಟ್ರಾನ್ಸ್‌ಫಾರ್ಮರಿಗೆ ಒಳ್ಳೆಯದಲ್ಲ. ದೊಡ್ಡ ಕೆಪಾಸಿಟರುಗಳನ್ನು ನಾನು ಬದಲಾಯಿಸಿದೆ. ಅಷ್ಟು ಹಳೆಯವನ್ನು ನಂಬಿ ಕೂರುವುದು ಯಾಕೆ?

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. 405 ಪೂರ್ತಿ ಸದ್ದು ಮಾಡಲು ಅರ್ಧ ವೋಲ್ಟ್ ಇನ್‌ಪುಟ್ ಸಾಕು. ಈಗಿನ ಸಿಡಿ ಪ್ಲೇಯರ್, ಡಿಜಿಟಲ್ ಸಂಗೀತವನ್ನು ಅನಲಾಗ್ ಮಾಡುವ ಡ್ಯಾಕ್‌ಗಳು ಕೊಡುವುದು 2 ವೋಲ್ಟ್. ನೇರ ಕೊಟ್ಟರೆ ವಾಲ್ಯೂಮ್ ಗುಂಡಿ ಚೂರು ತಿರುಗಿಸಿದರೂ ಮನೆ ನಡುಗುತ್ತದೆ. ಸಿಗ್ನಲನ್ನು ಸುಮಾರು 12 ಡೆಸಿಬೆಲ್ ಇಳಿಸುವ ಅಟೆನ್ಯುಯೇಟರ್ ನಡುವೆ ಹಾಕಿದೆ, ವೋಲ್ಟೇಜ್ ನಾಲ್ಕರಲ್ಲಿ ಒಂದು ಪಾಲಾಯಿತು. ಹಳೇ 405ರ ಇನ್‌ಪುಟ್ ನಾಲ್ಕು ಪಿನ್ನಿನ ಡಿನ್ ಅನ್ನುವ ಹಳೇ ಬಗೆಯ ದುಂಡು ಸಾಕೆಟ್. ಅದಕ್ಕೆ ಸರಿಹೊಂದುವ ಕೇಬಲ್ ಮೊದಲೇ ತರಿಸಿಕೊಳ್ಳಿ, ಇಲ್ಲದಿದ್ದರೆ ಆಂಪ್ ಮುಂದೆ ಇಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರಬೇಕು.

ಇಡುವ ಜಾಗ ಮನೆಯವಳ ಜೊತೆ ಮಾತುಕತೆಯ ವಿಷಯ. ಈ ಸ್ಪೀಕರ್ ಮುಂದೆ ಎಷ್ಟು ಸದ್ದು ಮಾಡುತ್ತದೋ ಹಿಂದೆಯೂ ಅಷ್ಟೇ ಮಾಡುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಎಲ್ಲ ಕಲಸಿಹೋಗುತ್ತದೆ. ಒಂದು ಮೀಟರಾದರೂ ಮುಂದಕ್ಕೆ ಬರಬೇಕು. "ಇದೇನ್ರೀ, ಹಾಲ್ ನಡುವೆ ಪರದೆ ಕಟ್ಟಿದ್ದೀರಾ?" ಅಂದಳು. ದಿನವೂ ಅಲ್ಲಿರಬೇಕಿಲ್ಲ, ಕೇಳುವಾಗ ಮಾತ್ರ ಎಳೆದುಕೊಳ್ಳುತ್ತೇನೆ ಅನ್ನುವಲ್ಲಿಗೆ ರಾಜಿಯಾಯಿತು. ಒಂದೊಂದು ಹತ್ತಿರ ಹತ್ತಿರ 19 ಕಿಲೋ ಇದೆ, ಎಳೆಯಬಹುದು.

ಊರಿನಿಂದ ಭಾವ ಆಗಾಗ ಕೇಳುತ್ತಿರುತ್ತಾರೆ, ನಿವೃತ್ತಿಯಾದ ಮೇಲೆ ಇವನ್ನು ಅಲ್ಲಿಗೆ ತರಬಹುದಲ್ವಾ ಅಂತ. ಕರೆಂಟಿನ ತೊಂದರೆ ಇಲ್ಲ, ಎರಡೂ ಕಡೆ ಹೆಚ್ಚುಕಡಿಮೆ ಅದೇ 230 ವೋಲ್ಟ್. ತೊಂದರೆ ಇರುವುದು ತೇವ ಮತ್ತು ದೂಳಿನದ್ದು. ತೇವ ಕೂತರೆ ಚಾರ್ಜ್ ಸೋರುತ್ತದೆ, ದೂಳು ಹೊಕ್ಕರೆ ಕಿಡಿ ಹಾರುತ್ತದೆ. ಒಳಗೆ ದೂಳು ತಡೆಯುವ ತೆಳು ಹಾಳೆ ಇದೆ, ಅದು ಹರಿಯದೆ ಇರುವವರೆಗೆ ಪರವಾಗಿಲ್ಲ. ಮೈಸೂರಿನಲ್ಲಿ ಕಿಟಕಿ ಮುಚ್ಚಿದ ಕೋಣೆಯಾದರೆ ತರಬಹುದು. ಭಾವನ ಮನೆ ಇರುವುದು ಆಗುಂಬೆ ಕಡೆ. ಅಲ್ಲಿಗಾದರೆ ನಾನು ತರುವುದಿಲ್ಲ. ಮಾಮೂಲಿ ಕೋನ್ ಇರುವ ಒಳ್ಳೆ ಸ್ಪೀಕರ್ ತೆಗೆದುಕೊಳ್ಳಿ ಅಂದಿದ್ದೇನೆ.